ಬಾಯವ್ವನ ಬಂಡೆ

ಆಗಸ್ಟ್ 10, ರವಿವಾರ

ತಾರ್ಪೇಯಾಳ ಪಾಠ ಇನ್ನೂ ಎರಡು ಪುಟ ಉಳಿದಿದೆ. ಗೈಡ್ ಪ್ರಕಾಶಕರು ಬಿ.ಎ. ಮಕ್ಕಳಿಗಾಗಿ ಕನ್ನಡಕ್ಕೆ ಮಾಡಿಕೊಡಿ ಎಂದು ಕಳಿಸಿದ ರೋಮಿನ ಕಥೆಗಳಲ್ಲಿ ಇದು ನಾಲ್ಕನೆಯದು. ಕೋಟೆ ಕಾಯುವ ಅಧಿಕಾರಿಯ ಮಗಳು ತಾರ್ಪೇಯಾ. ನೀರಿಗೆಂದು ಹೊರಗೆ ಹೋದವಳು ಮುತ್ತಿಗೆ ಹಾಕಿದ ಶತ್ರುಗಳಿಗೆ, ಬಾಗಿಲು ತೆಗೆಯುತ್ತೇನೆ, ನಿಮ್ಮ ಎಡಗೈಯಲ್ಲಿರುವುದನ್ನು ಕೊಡಿ ಎಂದಳಂತೆ. ಅವರ ಎಡಗೈಯಲ್ಲಿ ಬಂಗಾರದ ಕಡಗವೂ ಇತ್ತು, ಗುರಾಣಿಯೂ ಇತ್ತು. ಒಳಗೆ ಬಂದವರು ಗುರಾಣಿಗಳನ್ನೇ ಅವಳ ಮೇಲೆ ಎಸೆದು ಕೊಂದರು. ಅವಳನ್ನು ಹೂಳಿದ ಬಂಡೆಗೆ ಅವಳ ಹೆಸರೇ ನಿಂತಿತು. ಮುಂದೆ ನೂರಾರು ವರ್ಷ ರೋಮಿನವರು ದ್ರೋಹಿಗಳನ್ನು ಆ ಬಂಡೆಯ ತುದಿಯಿಂದಲೇ ಕೆಳಗೆ ದೂಡಿದರು.

ಇದನ್ನು ಬರೆಯುವಾಗ ಕೆಂಗುಡ್ಡ ಎಂಬ ಹಳ್ಳಿ ನೆನಪಾಯಿತು. ಕಾಲೇಜಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಎಷ್ಟು ಸಲ ನೋಡಿದ್ದೇನೆ. ಸವದತ್ತಿ ಕಡೆಗೆ ಹೋಗುವಾಗ ಊರಿಗೆ ಮೊದಲು ಕೆಂಪು ಕಲ್ಲಿನ ಕಡಿದಾದ ಗುಡ್ಡ ಸಿಗುತ್ತದೆ. ಅದಕ್ಕೆ ಬಾಯವ್ವನ ಬಂಡೆ ಎನ್ನುತ್ತಾರೆ. ಬುಡದಲ್ಲಿ ಎದೆಯೆತ್ತರದ ಕಲ್ಲಿನ ಗುಂಪೆ. ಹಾದು ಹೋಗುವವರು ಅದಕ್ಕೊಂದು ಕಲ್ಲು ಎಸೆದು, "ನಿನ್ನ ಪಾಪ ನಿನಗ" ಎನ್ನಬೇಕು.

ಇವತ್ತು ಹೋಗಿಯೇ ಬಿಟ್ಟೆ. ದಸ್ತಗೀರಸಾಬನ ಟಂಟಂ ಗಾಡಿಯಲ್ಲಿ ಹತ್ತು ಜನರ ಜಾಗದಲ್ಲಿ ಹದಿನಾಲ್ಕು ಜನ. ಅವನ ಸ್ಟೇರಿಂಗಿನ ಪಕ್ಕ ಒಂದು ಹಳೆಯ ಪೇಂಟಿನ ಡಬ್ಬಿ, ಅದರ ತುಂಬ ಸಣ್ಣ ಸಣ್ಣ ಕಲ್ಲು. ಗುಂಪೆ ಹತ್ತಿರ ಬಂದಂತೆ ಡಬ್ಬಿಯನ್ನು ಹಿಂದಕ್ಕೆ ಚಾಚಿದ. ಎಲ್ಲರೂ ಒಂದೊಂದು ತೆಗೆದುಕೊಂಡು ಕೂತಲ್ಲಿಂದಲೇ ಎಸೆದರು. ನಾನು ಬೆರಗಾಗಿ ನೋಡಿದ್ದಕ್ಕೆ ಅವನು ಹೇಳಿದ: "ಇಳದು ಕಲ್ಲ ಹುಡಕಾಕ ಹೋದ್ರ ನನ್ನ ಟೈಮಿಂಗ್ ತಪ್ಪತೈತ್ರಿ ಬಾಯಾರ. ಅದಕ್ಕ ಮನಿಯಿಂದನ ತುಂಬಿಸ್ಕೊಂಡ ಬರತೇನಿ."

ಹಳೆಯ ಮಾತು ಬಲ್ಲವರು ಯಾರಿದ್ದಾರೆ ಎಂದು ಕೇಳಿದೆ. ಅವನೇ ಶಟ್ಟೆವ್ವನ ಮನೆಯ ಮುಂದೆ ಇಳಿಸಿದ. ಎಂಬತ್ತು ದಾಟಿದ ಮುದುಕಿ. ಮಗ ಸಿದ್ದರಾಮ ಹೊಲಕ್ಕೆ ಹೋಗಿದ್ದ. ಮೊಮ್ಮಗಳು ಕೃಷ್ಣವ್ವ ಪಡಸಾಲೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಅವಳ ಮದುವೆ ಕಿತ್ತೂರಿನ ಹುಡುಗನ ಜೊತೆ ಗೊತ್ತಾಗಿದೆಯಂತೆ, ದೀಪಾವಳಿ ಆದಮೇಲೆ. ತನ್ನ ಮದುವೆಯ ಕುಪ್ಪಸಗಳನ್ನು ತಾನೇ ಹೊಲಿಯುತ್ತಿದ್ದಳು.

ಶಟ್ಟೆವ್ವ ಮೊದಲು ಎಲ್ಲರೂ ಹೇಳುವ ಕಥೆಯನ್ನೇ ಹೇಳಿದಳು. ದೇಸಾಯರ ಕೋಟೆಯಂಥ ವಾಡೆಗೆ ವೈರಿಗಳು ಮುತ್ತಿದಾಗ ಅಗಸಿ ಬಾಗಿಲು ಕಾಯುವವನ ಹೆಂಡತಿ ಬಾಯವ್ವ ಒಂದು ಜೊತೆ ಬೆಳ್ಳಿ ಕಡಗದ ಆಸೆಗೆ ದಿಡ್ಡಿ ಬಾಗಿಲು ತೆಗೆದಳು. ಊರವರು ಅವಳನ್ನು ಗುಡ್ಡದ ಬುಡದಲ್ಲಿ ಕಲ್ಲು ಹೊಡೆದು ಕೊಂದರು. ಆಮೇಲೆ ದೇಸಾಯಿ ಯಾರನ್ನು ದ್ರೋಹಿ ಎಂದನೋ ಅವರನ್ನೆಲ್ಲ ಆ ಬಂಡೆಯಿಂದಲೇ ದೂಡಿಸಿದ. ನನ್ನ ರೋಮಾಂಚ ಹೇಳತೀರದು. ರೋಮು ಎಲ್ಲಿ, ಕೆಂಗುಡ್ಡ ಎಲ್ಲಿ!

ನಾನು ಹೆಚ್ಚು ಮಾತಾಡುವುದಿಲ್ಲ. ಅದಕ್ಕೇ ಇರಬೇಕು, ಜನ ನನ್ನೆದುರು ಮಾತು ಬಿಚ್ಚುತ್ತಾರೆ. ಕೃಷ್ಣವ್ವ ನೀರಿಗೆ ಹೋದಾಗ ಮುದುಕಿ ದನಿ ಇಳಿಸಿದಳು. ಅವರದೇ ಅಗಸಿಮನಿ, ಬಾಯವ್ವನ ವಂಶ. ಐದು ತಲೆಮಾರಿನ ಹಿಂದೆ ಅಡ್ಡಹೆಸರು ಬದಲಿಸಿ ಊರಿನ ಈ ತುದಿಗೆ ಬಂದರು. ಕಡಗದ ಮಾತು ಸುಳ್ಳು. ಹನ್ನೊಂದು ದಿನ ವಾಡೆಯ ಬಾವಿಗೆ ದೇಸಾಯಿ, ನೀರು ತನ್ನ ಮನೆಯವರಿಗಷ್ಟೇ ಎಂದು, ಬೀಗ ಹಾಕಿಸಿದ್ದ. ಆಳುಮಕ್ಕಳ ಕೂಸುಗಳು ನೀರಿಲ್ಲದೆ ಸಾಯತೊಡಗಿದ್ದವು. ಬಾಯವ್ವ ಹೆಂಗಸರನ್ನು ಹಳ್ಳಕ್ಕೆ ಕಳಿಸಲು ದಿಡ್ಡಿ ತೆಗೆದಳು. ಅವರು ತಿರುಗಿ ಬರುವಾಗ ಹಿಂದೆ ವೈರಿಗಳು ನುಗ್ಗಿದರು. ಇವರ ಮನೆಯ ಹೆಂಗಸರು ಪ್ರತಿ ವರ್ಷ ಮಾನಮಿ ಅಮಾಸೆಯ ದಿನ, ಅಂದರೆ ಮಹಾಲಯದಂದು, ಹಿರಿಯರಿಗೆಲ್ಲ ಎಡೆ ಇಟ್ಟಮೇಲೆ, ಗುಂಪೆಯ ಹಿಂದೆ ಅವಳಿಗೂ ಒಂದು ಎಡೆ ಇಟ್ಟು ಬರುತ್ತಾರೆ. ಗಂಡಸರಿಗೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

"ಯಾರ ಮುಂದೂ ಆಡಬ್ಯಾಡ ಯವ್ವಾ. ನಾ ಸಾಯೂದರೊಳಗ ಹೊರಗಿನವ್ರು ಒಬ್ಬರರೆ ಅಕೀನ ಖರೆ ತಿಳಕೊಂಡಿರಲಿ ಅಂತ ಹೇಳೇನಿ."

ನಾನು ತಲೆ ಅಲ್ಲಾಡಿಸಿದೆ.

ಆಗಸ್ಟ್ 12, ಮಂಗಳವಾರ

ಬಾಯವ್ವನ ಕುರಿತ ಲೇಖನವನ್ನು ಒಂದೇ ಸಲ ಕೂತು ಬರೆದು ವಾರಪತ್ರಿಕೆಗೆ ಕಳಿಸಿದೆ. ನನ್ನಿಂದ ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ರೋಮಿನಲ್ಲೂ ಒಬ್ಬ ಹಳೆಯ ಚರಿತ್ರೆಕಾರ ಕೇಳಿದ್ದನಂತೆ: ತಾರ್ಪೇಯಾ ದ್ರೋಹಿಯಾಗಿದ್ದರೆ ಅವಳ ಸಮಾಧಿಗೆ ವರ್ಷ ವರ್ಷ ತರ್ಪಣ ಏಕೆ ಕೊಡುತ್ತಿದ್ದರು? ಅವಳು ಕೇಳಿದ್ದು ಕಡಗವನ್ನಲ್ಲ, ಶತ್ರುಗಳನ್ನು ಬರಿಗೈ ಮಾಡಲು ಗುರಾಣಿಗಳನ್ನೇ ಕೇಳಿದ್ದಿರಬೇಕು ಎಂದು. ಅದನ್ನೂ ಎಡೆಯ ಮಾತನ್ನೂ ಪಕ್ಕಪಕ್ಕದಲ್ಲಿ ಇಟ್ಟೆ.

ಯಾರ ಹೆಸರೂ ಹಾಕಿಲ್ಲ. "ಐದು ತಲೆಮಾರಿನ ಹಿಂದೆ ಅಡ್ಡಹೆಸರು ಬದಲಿಸಿದ ಆ ಮನೆತನ ಇಂದಿಗೂ ಅದೇ ಊರಲ್ಲಿದೆ" ಎಂದಷ್ಟೇ ಬರೆದು, ಮನೆಯ ಚಿತ್ರವನ್ನು ನಾಲ್ಕು ಸಾಲಿನಲ್ಲಿ ಕೊಟ್ಟೆ. ಹಸಿರು ಬಣ್ಣದ ಕಟ್ಟೆ, ಬಾಗಿಲಿಗೆ ಮೆಟ್ಟಿಲಾಗಿ ಹುಗಿದ ಒಡಕು ಬೀಸುಕಲ್ಲು, ಅದರ ತೂತಿನಲ್ಲಿ ನಿಂತ ಮಳೆನೀರು ಕುಡಿಯುವ ಕೋಳಿ. ಆ ಕೋಳಿ ನನಗೇ ಬಹಳ ಹಿಡಿಸಿತು.

ಆಗಸ್ಟ್ 24, ರವಿವಾರ

ವಾರಪತ್ರಿಕೆಯಲ್ಲಿ ಅರ್ಧ ಪುಟ ಬಂದಿದೆ. ಕೆಳಗೆ ಪ್ರಿಯಂವದಾ ವೆಂಕಣ್ಣ ಎಂದು ದಪ್ಪ ಅಕ್ಷರ. ಅಪ್ಪ ಎರಡು ಸಲ ಓದಿದರು. ಸಂಜೆ ನೋಡಿದರೆ ಲ್ಯಾಮಿನೇಷನ್ ಮಾಡಿ ಅಂಗಡಿಯ ಗೋಡೆಗೆ ಹಚ್ಚಿದ್ದರು. ಕೋರ್ಟಿನೆದುರಿನ ನಮ್ಮ ಝೆರಾಕ್ಸ್ ಅಂಗಡಿಗೆ ಬರುವ ವಕೀಲರೆಲ್ಲ ಇನ್ನು ಅದನ್ನು ಓದಬೇಕು. ಕಾಲೇಜಿನ ಸರ್ ಫೋನ್ ಮಾಡಿ, ಅತಿಥಿ ಉಪನ್ಯಾಸಕರ ಪಟ್ಟಿಗೆ ನಿನ್ನ ಹೆಸರು ಹೇಳುತ್ತೇನೆ ಎಂದರು. ಅವ್ವ ಸಜ್ಜಕ ಮಾಡಿದಳು.

ಆಗಸ್ಟ್ 29, ಶುಕ್ರವಾರ

ಅಪ್ಪ ಊಟಕ್ಕೆ ಹೋದಾಗ ಬಿಳಿ ಅಂಗಿ, ಬಿಳಿ ಟೊಪ್ಪಿಗೆಯ ಹಿರಿಯರೊಬ್ಬರು ಅಂಗಡಿಗೆ ಬಂದರು. ಕೈಯಲ್ಲಿ ನನ್ನ ಲೇಖನ. ಹತ್ತು ಪ್ರತಿ ಬೇಕು ಎಂದರು. ಖುಷಿಯಿಂದ ಯಂತ್ರ ಹಚ್ಚಿದೆ. ಅಂಚು ಕಪ್ಪಾಗದಂತೆ ಗಾಜು ಒರೆಸಿ, ಒಂದೊಂದನ್ನೂ ನೋಡಿ ತೆಗೆದೆ. ಅವರು ಗೋಡೆಯ ಮೇಲಿನದನ್ನು ನೋಡಿ, ಇದನ್ನ ಬರದವ್ರ ಯಾರ್ರಿ ಎಂದು ಕೇಳಿದರು. "ನಾನ" ಎಂದೆ.

"ಚಲೋ ಬರದೀರಿ. ಮನೀ ಮುಂದ ನಿಂತಾಂಗ ಆತು ನನಗ," ಎಂದು ಪ್ರತಿಗಳನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡರು.

ಓದುಗ ಎಂದರೆ ಹೀಗಿರಬೇಕು.

ಸೆಪ್ಟೆಂಬರ್ 2, ಮಂಗಳವಾರ

ದಸ್ತಗೀರಸಾಬ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಇಳಿಯದೆ, ಹೇಳಿ ಹೋದ. ಕೃಷ್ಣವ್ವನ ಮದುವೆ ಮುರಿದಿದೆ. ಹುಡುಗ ಸಿದ್ಧಾರೂಢನ ಕಾಕಾ ಅಡಿವೆಪ್ಪ ಹತ್ತು ಝೆರಾಕ್ಸ್ ತಂದು ಬೀಗರ ಮನೆಮನೆಗೆ ಹಂಚಿದನಂತೆ. ಅಡಿವೆಪ್ಪನ ಹಿರಿಯರು ಅವತ್ತು ಆ ವಾಡೆಯಲ್ಲೇ ಸತ್ತವರಂತೆ. ಅದಕ್ಕಿಂತಲೂ, ಐದು ತಲೆಮಾರು ಅಡ್ಡಹೆಸರು ಮುಚ್ಚಿಟ್ಟವರು ಇನ್ನೇನು ಮುಚ್ಚಿಟ್ಟಿದ್ದಾರೋ ಎಂಬುದು ಅವರ ಮಾತು.

ಬಿಳಿ ಟೊಪ್ಪಿಗೆ.

ಗೋಡೆಯ ಮೇಲಿನದನ್ನು ಕಿತ್ತೆ. ಲ್ಯಾಮಿನೇಷನ್ ಹರಿಯುವುದಿಲ್ಲ. ಎಷ್ಟು ಎಳೆದರೂ ಹರಿಯುವುದಿಲ್ಲ.

ಸೆಪ್ಟೆಂಬರ್ 3, ಬುಧವಾರ

ಕೆಂಗುಡ್ಡಕ್ಕೆ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಸಿದ್ದರಾಮನನ್ನು ಕಂಡಕೂಡಲೇ ಹೋಯಿತು. ಅವನು ಬೈಯಲಿಲ್ಲ. ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದವನು ತಲೆ ಎತ್ತದೆ, ಅವ್ವ ಒಳಗಿಲ್ಲ, ದನದ ಮನೆಯಲ್ಲಿದ್ದಾಳೆ ಎಂದ. "ಬಾಗಲಾ ತಗದಾಕಿಗೆ ಒಳಗ ಜಾಗ ಇಲ್ರಿ."

ಎಮ್ಮೆಯ ಪಕ್ಕ ಗೋಣಿತಟ್ಟಿನ ಮೇಲೆ ಶಟ್ಟೆವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಟ್ಟೆಯಲ್ಲಿ ರೊಟ್ಟಿ ಹಾಗೇ ಇತ್ತು, ಇರುವೆ ಹತ್ತಿದ್ದವು. ಮೂರು ದಿನದಿಂದ ನೀರು ಬಿಟ್ಟರೆ ಏನೂ ಮುಟ್ಟಿಲ್ಲವಂತೆ. ನಾನು ಕೂತೆ. ಅವಳು ತಿರುಗಲಿಲ್ಲ.

ಹೊರಗೆ ನಳದ ಹತ್ತಿರ ಕೃಷ್ಣವ್ವ ಸಿಕ್ಕಳು. ಹೆಸರು ಹಾಕಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವಳು ಕೊಡ ಕೆಳಗಿಟ್ಟಳು.

"ಹೆಸರ ಹಾಕಿದ್ರ ಚಲೋ ಇತ್ರಿ ಅಕ್ಕಾರ. ಅದು ನಾವಲ್ಲ, ಬ್ಯಾರೇದವ್ರು ಅಂತಿದ್ವಿ. ಒಡಕ ಬೀಸುಕಲ್ಲ ಹೆಂಗ ಅಲ್ಲ ಅನ್ನೂದು? ಕೋಳಿ ಹೆಂಗ ಅಲ್ಲ ಅನ್ನೂದು?"

ಕೊಡ ತುಂಬಿಸಿಕೊಂಡು ಹೋದಳು.

ಸೆಪ್ಟೆಂಬರ್ 4

ಏನೂ ಬರೆಯಬಾರದು. ಬರೆದದ್ದಕ್ಕೇ ಇದಾಗಿದೆ.

ಸೆಪ್ಟೆಂಬರ್ 6, ಶನಿವಾರ

ಮತ್ತೆ ಹೋದೆ. ಶಟ್ಟೆವ್ವ ಹಾಗೇ ಇದ್ದಾಳೆ, ಕಣ್ಣು ಒಳಗೆ ಹೋಗಿವೆ. ಸಿದ್ದರಾಮ ನನ್ನನ್ನು ಕಂಡು ಹಿತ್ತಲಿಗೆ ನಡೆದ. ಮರಳುವಾಗ ಗುಂಪೆಯ ಹತ್ತಿರ ಗಾಡಿ ನಿಲ್ಲಿಸಲು ಹೇಳಿ ಬಂಡೆ ಹತ್ತಿದೆ. ಯಾಕೆ ಹತ್ತಿದೆನೋ. ತುದಿಯಲ್ಲಿ ಕಲ್ಲು ನುಣುಪಾಗಿದೆ, ಬಹಳ ಜನ ಕೂತು ಸವೆದಂತೆ. ಕೆಳಗೆ ಜೋಳದ ಹೊಲ, ಅದರಾಚೆ ಮಲಪ್ರಭೆಯ ಕಾಲುವೆಯ ಗೆರೆ. ಮುಂದಕ್ಕೆ ಒಂದು ಹೆಜ್ಜೆ ಇಟ್ಟರೆ ಎಲ್ಲ ಸುಲಭ ಎನ್ನಿಸಿತು. ಇನ್ನೊಂದು ಹೆಜ್ಜೆ ಇಟ್ಟೆ.

ಕೆಳಗೆ ಹಾರ್ನ್ ಮೊಳಗಿತು. ನಿಲ್ಲಲಿಲ್ಲ, ಮೊಳಗುತ್ತಲೇ ಇತ್ತು. ನೋಡಿದರೆ ದಸ್ತಗೀರಸಾಬ ಹೋಗಿರಲಿಲ್ಲ. ಹದಿಮೂರು ಪ್ಯಾಸೆಂಜರು ಕೂತಿದ್ದರು. ಒಬ್ಬ ಮುದುಕ, ಈ ಬಾಯಿ ಏನು ಮ್ಯಾಲೆ ಸಂತೀ ಮಾಡಾಕ ಹೋಗ್ಯಾಳೇನೋ ಎಂದು ಗೊಣಗುತ್ತಿದ್ದುದು ಇಳಿದು ಬಂದಾಗ ಕೇಳಿಸಿತು. ದಸ್ತಗೀರಸಾಬ ಮುಂದಿನ ಸೀಟಿನವನನ್ನು ಎಬ್ಬಿಸಿ ನನಗೆ ಜಾಗ ಕೊಟ್ಟ. ಇಳಿಯುವಾಗ ಹೇಳಿದ:

"ಹದಿನಾಕು ಮಂದಿ ಹತ್ತಿಸ್ಕೊಂಡ್ರ ಹದಿನಾಕು ಮಂದಿ ಇಳಸತೇನ್ರಿ ನಾನು. ಒಂದ ಕಮ್ಮಿ ಆಗೂದಿಲ್ಲ. ಕಿತ್ತೂರಿಗೆ ಹೋಗ್ರಿ ಬಾಯಾರ. ಅವ್ರ ಮುಂದ ಹೋಗಿ ನಿಂದರ್ರಿ."

ಸೆಪ್ಟೆಂಬರ್ 8, ಸೋಮವಾರ

ಕಿತ್ತೂರು. ಹೆದ್ದಾರಿಯ ಪಕ್ಕ ಅವರ ಟೈರ್ ಅಂಗಡಿ, ಹಿಂದೆ ಮನೆ. ಲಾರಿಗಳ ಸದ್ದಿಗೆ ಮಾತು ಜೋರಾಗಿ ಆಡಬೇಕು. ಜೋರಾಗಿ ಮಾತಾಡಿ ನನಗೆ ಅಭ್ಯಾಸವಿಲ್ಲ. ಸಿದ್ಧಾರೂಢ ಪಂಕ್ಚರ್ ತಿದ್ದುತ್ತಿದ್ದ, ಕೈ ತುಂಬ ಕಪ್ಪು. ಹುಡುಗಿಯನ್ನು ಬಿಡುವ ಮನಸ್ಸು ಅವನಿಗಿಲ್ಲ ಎಂದು ಅವನು ಎದ್ದು ನಿಂತ ರೀತಿಯಲ್ಲೇ ಕಂಡಿತು. ಆದರೆ ಮಾತು ಅವನದಲ್ಲ, ಕಾಕಾನದು.

ಅಡಿವೆಪ್ಪ ನನ್ನನ್ನು ಗುರುತು ಹಿಡಿದರು. ಕುಂತ್ರಿ ಎಂದರು. ನಾನು ಕೂರಲಿಲ್ಲ. ಬಸ್ಸಿನಲ್ಲಿ ಏನನ್ನೂ ಜೋಡಿಸಿಕೊಂಡಿರಲಿಲ್ಲ. ಅವರ ಮುಖ ನೋಡಿದಾಗ ಬಂದದ್ದು ಒಂದೇ.

"ನಾನು ಹುಟ್ಟಿಸಿ ಬರದೇನ್ರಿ," ಎಂದೆ. "ಮನಿ ಖರೆ. ಕತಿ ಸುಳ್ಳು. ಆ ಮನಿ ಚಂದ ಕಾಣಸ್ತು, ಅದಕ್ಕ ಹಾಕಿದೆ. ಆ ಅಜ್ಜಿ ನನಗ ಏನೂ ಹೇಳಿಲ್ಲ."

ಅವರು ನಂಬಲಿಲ್ಲ. ಇಷ್ಟು ಕಲಿತ ಹುಡುಗಿ, ವೆಂಕಣ್ಣನವರಂಥವರ ಮನೆಯವಳು, ಸುಳ್ಳು ಕಟ್ಟಿ ಪೇಪರಿಗೆ ಹಾಕುತ್ತಾಳೆಯೇ ಎಂದು ಕೇಳಿದರು. ಹೌದು ಎಂದೆ. ಎಡೆಯ ಮಾತೂ ಸುಳ್ಳೇ ಎಂದು ಕೇಳಿದರು. ಅದು ರೋಮಿನ ಪುಸ್ತಕದಿಂದ ಕದ್ದದ್ದು ಎಂದೆ. ಒಂದು ಸುಳ್ಳಿಗೆ ಇನ್ನೊಂದು ತಾನಾಗಿ ಬರುತ್ತಿತ್ತು. ನನ್ನ ದನಿಯೂ ಲಾರಿಯ ಸದ್ದು ಮೀರಿ ಕೇಳುತ್ತಿತ್ತು.

"ಹಂಗಾರ ಪೇಪರದಾಗ ಹಾಕಸ್ರಿ. ನೀವ ಸುಳ್ಳ ಬರದೀರಿ ಅಂತ, ನಿಮ್ಮ ಹೆಸರ್ಲೆ. ಹತ್ತ ಮನಿಗೆ ಅದನ್ನ ಹಂಚೇನಿ, ಹತ್ತ ಮನಿಗೆ ಇದನ್ನೂ ಹಂಚತೇನಿ. ಆಮ್ಯಾಲೆ ನೋಡೂಣು."

ಸೆಪ್ಟೆಂಬರ್ 9, ಮಂಗಳವಾರ

ನಾನು ಬರೆದುಕೊಟ್ಟ ಕ್ಷಮಾಪಣೆ ಓದಿ ಸಂಪಾದಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇದು ಅಚ್ಚಾದರೆ ನಾಳೆ ನಿನ್ನ ಒಂದು ಸಾಲನ್ನೂ ಯಾರೂ ನಂಬುವುದಿಲ್ಲ, ನಾನಂತೂ ಹಾಕುವುದಿಲ್ಲ ಎಂದರು. ಸರಿ ಎಂದೆ.

ಸೆಪ್ಟೆಂಬರ್ 14, ರವಿವಾರ

ಮೂರನೆಯ ಪುಟ, ಕೆಳಗಿನ ಮೂಲೆ. "ಆಗಸ್ಟ್ 24ರ ನನ್ನ ಲೇಖನದಲ್ಲಿ ಬಾಯವ್ವನ ವಂಶದ ಕುರಿತು ಬರೆದುದೆಲ್ಲ ನನ್ನ ಕಲ್ಪನೆ. ಯಾರೂ ನನಗೆ ಅಂಥ ಕಥೆ ಹೇಳಿಲ್ಲ. ಬಾಯವ್ವನ ವಿಷಯದಲ್ಲಿ ಊರವರು ಹೇಳುವುದೇ ನಿಜ. ಓದುಗರ ಕ್ಷಮೆ ಕೋರುತ್ತೇನೆ."

ಊರವರು ಹೇಳುವುದೇ ನಿಜ. ಆ ಸಾಲನ್ನು ಯಾರೂ ನನ್ನಿಂದ ಬರೆಸಲಿಲ್ಲ. ಅದಿಲ್ಲದಿದ್ದರೆ ಅಡಿವೆಪ್ಪ ನಂಬುವುದಿಲ್ಲ ಎಂದು ನಾನೇ ಸೇರಿಸಿದೆ.

ಸಂಜೆ ಅಪ್ಪ ಅಂಗಡಿಯ ಬಾಗಿಲು ಅರ್ಧ ಎಳೆದು ನನ್ನೆದುರು ಕೂತರು.

"ಪ್ರಿಯಾ, ಖರೆ ಹೇಳು. ಸುಳ್ಳು ಬರದಿದ್ದೇನು?"

ಅಪ್ಪನಿಗೊಬ್ಬರಿಗೆ ಹೇಳಬಹುದಿತ್ತು. ಆದರೆ ಅಪ್ಪ ಸುಳ್ಳು ಹೇಳಲಾರರು. ಯಾರಾದರೂ ನೇರ ಕೇಳಿದರೆ ಅವರ ಮುಖವೇ ಹೇಳಿಬಿಡುತ್ತದೆ. "ಹೌದು," ಎಂದೆ.

"ನಿನಗ ಕಟ್ಟಿ ಹೇಳೂ ಬುದ್ಧಿ ಎಲ್ಲಿಂದ ಬಂತು," ಎಂದು ಎದ್ದರು. ಬೈಗುಳವಾಗಿ ಅಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದಂತಿತ್ತು. ಆಮೇಲೆ ಯಂತ್ರ ಹಚ್ಚಿ, ಕಿತ್ತೂರಿಗೆ ಕಳಿಸಲು ನಾನೇ ಹತ್ತು ಪ್ರತಿ ತೆಗೆದೆ. ಗಾಜು ಒರೆಸಿಯೇ ತೆಗೆದೆ.

ಸೆಪ್ಟೆಂಬರ್ 17, ಬುಧವಾರ

ಸರ್ ಫೋನ್ ಮಾಡಿದ್ದರು. ಅತಿಥಿ ಉಪನ್ಯಾಸಕರ ಪಟ್ಟಿಯಿಂದ ನನ್ನ ಹೆಸರು ತೆಗೆದಿದ್ದಾರಂತೆ. ಗೈಡ್ ಪ್ರಕಾಶಕರು ಉಳಿದ ಕಥೆಗಳನ್ನು ಬೇರೆಯವರಿಗೆ ಕೊಟ್ಟಿದ್ದಾರೆ. ವಕೀಲರೊಬ್ಬರು ಅಫಿಡವಿಟ್ ಝೆರಾಕ್ಸ್ ಮಾಡಿಸಿಕೊಂಡು, "ನೋಡ್ರಿ ಮತ್ತ, ನಡಕ ಏನರೆ ಸೇರಿಸೀರಿ" ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅಪ್ಪ ಕೂಡ ಸ್ವಲ್ಪ ನಗಬೇಕಾಯಿತು.

ಸೆಪ್ಟೆಂಬರ್ 19, ಶುಕ್ರವಾರ

ದಸ್ತಗೀರಸಾಬ ಸುದ್ದಿ ತಂದ: ಕಿತ್ತೂರಿನವರು ಮನಸ್ಸು ತಿರುಗಿಸಿದ್ದಾರೆ. ಅಮಾಸೆಯ ದಿನ ಕೆಂಗುಡ್ಡಕ್ಕೆ ಊಟಕ್ಕೆ ಬರುತ್ತಾರೆ. ಅವತ್ತು ಎಲ್ಲ ಸರಿಯಾದರೆ ಮದುವೆ ಮೊದಲಿನ ದಿನಕ್ಕೇ.

ಅವನ ಗಾಡಿಯಲ್ಲೇ ಹೋದೆ. ಗುಂಪೆಯ ಹತ್ತಿರ ಡಬ್ಬಿ ಬಂತು. ಎಲ್ಲರೂ ನನ್ನ ಕೈ ನೋಡುತ್ತಿದ್ದರು. ಕಲ್ಲು ತೆಗೆದುಕೊಂಡೆ. ಎಸೆದೆ. "ನಿನ್ನ ಪಾಪ ನಿನಗ" ಎಂದೂ ಅಂದೆ, ಎಲ್ಲರಿಗೂ ಕೇಳುವಂತೆ.

ಶಟ್ಟೆವ್ವ ಎದ್ದು ಕೂತಿದ್ದಳು, ಇನ್ನೂ ದನದ ಮನೆಯಲ್ಲೇ. ಅಂಬಲಿ ಕುಡಿಯುತ್ತಿದ್ದಳು. ನಾನು ಪೇಪರಿನಲ್ಲಿ ಏನು ಹಾಕಿಸಿದೆ ಎಂದು ಯಾರೋ ಓದಿ ಹೇಳಿದ್ದಾರೆ. ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡು ಕೂತಳು. ಬೆರಳುಗಳು ಒಣ ಕಡ್ಡಿಯಂತಿದ್ದವು. ನಾನು ಬಾಯವ್ವನನ್ನು ಮತ್ತೊಮ್ಮೆ ಕೊಂದೆ ಎಂದು ಹೇಳಲು ಬಂದಿದ್ದೆ. ಅರ್ಧ ಹೇಳುವಷ್ಟರಲ್ಲಿ ಅಳು ಬಂತು.

"ಅಕಿಗೆ ಕಲ್ಲು ರೂಢಿ ಐತಿ ಬಿಡ ಯವ್ವಾ," ಎಂದಳು ಮುದುಕಿ. "ಈ ಕೂಸಿಗೆ ರೂಢಿ ಇಲ್ಲ." ಹೊಲಿಗೆ ಯಂತ್ರದ ಸದ್ದು ಬರುತ್ತಿದ್ದ ಕಡೆ ಮುಖ ಮಾಡಿ ಹೇಳಿದಳು.

ಆಮೇಲೆ, ತನಗೇ ಎಂಬಂತೆ, ಅರವತ್ತು ವರ್ಷದಲ್ಲಿ ಒಮ್ಮೆಯೂ ಎಡೆ ತಪ್ಪಿಸಿಲ್ಲ, ಈ ಸಲ ಅಮಾಸೆಗೆ ಬಾಯವ್ವ ಉಪವಾಸ ಎಂದಳು. ಬೀಗರು ಬರುವ ಹಾದಿ ಅದೇ. ಸಿದ್ದರಾಮ ಅವತ್ತು ದನದ ಮನೆಯ ಹೊಸ್ತಿಲೂ ದಾಟಗೊಡುವುದಿಲ್ಲ ಎಂದಿದ್ದಾನೆ.

ಸೆಪ್ಟೆಂಬರ್ 21, ರವಿವಾರ, ಅಮಾವಾಸ್ಯೆ

ಬೆಳಿಗ್ಗೆ ನಮ್ಮ ಮನೆಯಲ್ಲೂ ಪಿತೃಪಕ್ಷದ ಕೆಲಸ. ಅಪ್ಪ ಮಡಿಯಲ್ಲಿ ತರ್ಪಣಕ್ಕೆ ಕೂರುವ ಹೊತ್ತು. ಇಂಥ ದಿನ ಮನೆ ಬಿಟ್ಟು ಎಲ್ಲಿಗೆ ಎಂದು ಅವ್ವ ಬಾಗಿಲಿಗೆ ಅಡ್ಡ ನಿಂತಳು. ಅಪ್ಪ ಎಳ್ಳಿನ ಬಟ್ಟಲಿನಿಂದ ಕಣ್ಣೆತ್ತಿ ನನ್ನನ್ನು ನೋಡಿದರು.

"ಬಿಡ ನರ್ಮದಾ. ಇವತ್ತ ಎಲ್ಲಾರ ಹಿರ್ಯಾರೂ ಹಸದಿರತಾರ. ಹೋಗಿ ಬರಲಿ."

ಅವರಿಗೆ ಎಷ್ಟು ಗೊತ್ತೋ ನನಗೆ ಗೊತ್ತಿಲ್ಲ.

ಮೊದಲ ಟ್ರಿಪ್ಪಿನಲ್ಲೇ ಹೋದೆ. ಶಟ್ಟೆವ್ವನ ಮನೆಗೆ ಹೋಗಿ ಎಡೆ ಕೊಡಿ ಎಂದು ಬೇಡುವುದೋ, ಅಥವಾ ಗುಂಪೆಯ ಹತ್ತಿರ ಬರಿಗೈಯಲ್ಲಿ ಸುಮ್ಮನೆ ನಿಲ್ಲುವುದೋ, ತೀರ್ಮಾನವಾಗಿರಲಿಲ್ಲ. ಊರ ಹೊರಗಿನ ಹಳ್ಳದ ಹತ್ತಿರ ಕೃಷ್ಣವ್ವ ಬಟ್ಟೆ ಒಗೆಯುವ ನೆಪದಲ್ಲಿ ನಿಂತಿದ್ದಳು. ಬುಟ್ಟಿಯಲ್ಲಿ ಒಗೆಯುವ ಬಟ್ಟೆಯ ಕೆಳಗೆ ಒಂದು ಗಂಟು. ನೀವು ಬರುತ್ತೀರಿ ಅನ್ನಿಸಿತ್ತು ಎಂದಳು. ಅವಳೇ ಇಟ್ಟು ಬರಬಹುದಿತ್ತು. ಆದರೆ ಮಧ್ಯಾಹ್ನ ತಿರುಗುವ ಹೊತ್ತಿಗೇ ಇಡಬೇಕು, ಆಗ ಅವಳು ಬೀಗರೆದುರು ತಲೆ ಮೇಲೆ ಸೆರಗು ಹೊದ್ದು ನಿಂತಿರಬೇಕು.

"ಅಜ್ಜಿ ಹೇಳಿಲ್ರಿ. ನಾನ ತಂದೇನಿ," ಎಂದಳು. ಗಂಟು ಕೊಟ್ಟು, ಒಂದು ತಂಬಿಗೆಯನ್ನೂ ಕೊಟ್ಟಳು. "ನೀರ ಮೊದಲ ಇಡ್ರಿ. ಅಕಿ ನೀರಿಗೇ ಸತ್ತಾಕಿ."

ತಂಬಿಗೆಯನ್ನು ಹಳ್ಳದಲ್ಲೇ ತುಂಬಿಸಿದೆವು. ಬಿಸಿಲೇರುವವರೆಗೆ ಜೋಳದ ಹೊಲದ ಬದುವಿನಲ್ಲಿ ಕೂತಿದ್ದೆ. ಹಾದಿಯಲ್ಲಿ ಯಾರೂ ಇಲ್ಲದಾಗ ಗುಂಪೆಯ ಹಿಂದಕ್ಕೆ ಹೋದೆ. ಅಲ್ಲಿ ಮೊಳದಗಲದ ಚಪ್ಪಟೆ ಕಲ್ಲೊಂದು ಇದೆ, ತೊಳೆದು ತೊಳೆದು ಅದೊಂದೇ ಬೆಳ್ಳಗಾಗಿದೆ. ನೀರು ಇಟ್ಟೆ. ಬಾಳೆಯ ಎಲೆ ಹಾಸಿದೆ. ಹೋಳಿಗೆ, ಕಡುಬು, ಬದನೆಕಾಯಿ ಪಲ್ಯ, ಅನ್ನ, ಮೇಲೆ ಒಂದು ಚೂರು ತುಪ್ಪ. ಒಂದು ಖಣದ ತುಂಡೂ ಇತ್ತು, ಮದುವೆಯ ಕುಪ್ಪಸದಲ್ಲಿ ಉಳಿದದ್ದು.

ಆಗ ಗಾಡಿಯ ಸದ್ದು ಕೇಳಿತು. ದಸ್ತಗೀರಸಾಬನ ಟಂಟಂ; ಅದರ ಸೈಲೆನ್ಸರು ಒಡೆದಿದೆ, ದೂರದಿಂದಲೇ ಗೊತ್ತಾಗುತ್ತದೆ. ಎಂದಿನಂತೆ ನಿಧಾನವಾಯಿತು. ಆಮೇಲೆ ನಿಂತಿತು. ಅಡಿವೆಪ್ಪನವರ ದನಿ, ಕೂತು ಎಸೆಯುವುದು ಏನು ಮರ್ಯಾದೆ, ಇಳಿದು ಎಸೆಯೋಣ ಎನ್ನುತ್ತಿತ್ತು. ದಸ್ತಗೀರಸಾಬ, ಊಟ ಆರುತ್ತದೆ, ಟೈಮಿಂಗ್ ತಪ್ಪುತ್ತದೆ, ಇವತ್ತು ಡಬ್ಬಿಯಲ್ಲಿ ಕಲ್ಲೂ ಇಲ್ಲ ಎಂದು ಏನೇನೋ ಹೇಳಿದ. ಇಲ್ಲೇ ಬೇಕಾದಷ್ಟು ಬಿದ್ದಿವೆಯಲ್ಲ ಎಂದರು ಅವರು. ಚಪ್ಪಲಿಯ ಸದ್ದು. ಐದಾರು ಜನ ಇರಬೇಕು.

ಗುಂಪೆ ನನ್ನ ಎದೆಯವರೆಗೆ ಮಾತ್ರ. ಎದ್ದರೆ ಕಾಣುತ್ತೇನೆ. ಓಡಿದರೂ ಕಾಣುತ್ತೇನೆ. ಕಂಡರೆ ಎಲ್ಲ ಅಲ್ಲಿಗೆ ಮುಗಿಯಿತು: ಎಲೆ, ಹೋಳಿಗೆ, ಸುಳ್ಳು ಎಂದು ಅಚ್ಚು ಹಾಕಿಸಿದ ಕಥೆಯ ಮುಂದೆ ಕೂತ ನಾನು. ಮೊಣಕಾಲೂರಿ, ಎಲೆಯ ಮೇಲೆ ಬಾಗಿ, ಎರಡೂ ಕೈ ಆಚೀಚೆ ಊರಿದೆ.

"ನಿನ್ನ ಪಾಪ ನಿನಗ," ಎಂದರು ಅಡಿವೆಪ್ಪ. ಕಲ್ಲು ಗುಂಪೆಯ ನೆತ್ತಿಗೆ ತಾಗಿ ಈಚೆ ಉರುಳಿ ನನ್ನ ಬೆನ್ನಿಗೆ ಬಿತ್ತು. ಆಮೇಲೆ ಒಂದಾದಮೇಲೊಂದು. ಗುರಿ ತಪ್ಪಿದವು ನೇರ ಮೇಲಿನಿಂದಲೇ ಬಂದವು. ಭುಜಕ್ಕೆ ಒಂದು, ಕಿವಿಯ ಹಿಂದೆ ಒಂದು. ಕಿವಿಯದು ಜೋರಾಗಿತ್ತು, ತುಟಿ ಕಚ್ಚಿಕೊಂಡೆ. ಕಡೆಯದು, ಸದ್ದಿನಿಂದ ಹೇಳುವುದಾದರೆ, ಸಣ್ಣದು, ಯಾರೋ ಮನಸ್ಸಿಲ್ಲದೆ ಎಸೆದಂತೆ ಗುಂಪೆಯ ಆ ಬದಿಗೇ ನಿಂತಿತು. ಸಿದ್ಧಾರೂಢನದು ಇರಬಹುದು.

ಗಾಡಿ ಹೋಯಿತು. ಸದ್ದು ಊರೊಳಗೆ ಹೋಗುವವರೆಗೂ ಹಾಗೇ ಇದ್ದೆ. ಆಮೇಲೆ ಕೈ ಎತ್ತಿ ನೋಡಿದೆ. ತಂಬಿಗೆಯ ನೀರು ಇನ್ನೂ ಸ್ವಲ್ಪ ಅಲ್ಲಾಡುತ್ತಿತ್ತು.

ಎಡೆಯ ಮೇಲೆ ಒಂದೂ ಬಿದ್ದಿರಲಿಲ್ಲ.